ಕಾಗೆಯ ಮುಂದೆ ಕೊಟ್ಟ ಮಾತು

ಫೋಟೋ ತೆಗೆಯುವುದರಲ್ಲಿ ಏನು ಮಹಾ ಇದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ವಸ್ತು ಎದುರಿಗಿರಬೇಕು, ಬೆರಳು ಗುಂಡಿಯ ಮೇಲಿರಬೇಕು. ಅದರಲ್ಲೂ ವಿಮಾನದ ಫೋಟೋ! ವಿಮಾನ ಬೆಕ್ಕಿನ ಹಾಗೆ ಮಂಚದ ಕೆಳಗೆ ಅಡಗುವುದಿಲ್ಲ. ಮದುವೆ ಮನೆಯ ನೆಂಟರ ಹಾಗೆ ಸರಿಯಾಗಿ ಗುಂಡಿ ಒತ್ತುವಾಗ ಕಣ್ಣು ಮುಚ್ಚುವುದಿಲ್ಲ. ಅಷ್ಟು ದೊಡ್ಡ ಆಕಾಶದಲ್ಲಿ ಇಷ್ಟು ದೊಡ್ಡ ವಸ್ತುವನ್ನು ಹಿಡಿಯಲಾರದವನು ಕ್ಯಾಮೆರಾ ಮುಟ್ಟಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಈ ಧೈರ್ಯದಿಂದಲೇ ನಾನು ಒಂದು ಕಾಗೆಗೆ ಮಾತು ಕೊಟ್ಟೆ.

ನಮ್ಮ ಮಾವನವರು ಹಣಮಂತರಾಯರು ವಿಜಯಪುರದ ಕಡೆಯವರು. ಹರೆಯದಲ್ಲಿ ವಾಯುಪಡೆಯಲ್ಲಿದ್ದರು. ಹಾರಿಸುವವರಲ್ಲ, ಎಂಜಿನ್ ರಿಪೇರಿ ಮಾಡುವವರು. ರೆಕ್ಕೆಯ ಮೇಲೆ ತಿರುಗುವ ಪಂಖಗಳ, ಹೊಟ್ಟೆ ದಪ್ಪಗಿರುವ, ಸಾಮಾನು ಸಾಗಿಸುವ ವಿಮಾನ ಅವರ ಪಾಲಿಗೆ ಬಂದಿತ್ತು. ಆಮೇಲೆ ಮುಂಬಯಿಯ ಭಾಂಡುಪ್‌ನ ಒಂದು ಫ್ಯಾಕ್ಟರಿ ಸೇರಿದರು, ಅತ್ತೆಯವರು ಹೋದ ಮೇಲೆ ಅಲ್ಲೇ ನಮ್ಮ ಬಿಲ್ಡಿಂಗಿಗೆ ಬಂದು ನಮ್ಮೊಂದಿಗೇ ಉಳಿದರು. ಎಂಜಿನ್ನಿನ ಸದ್ದು ಅವರ ಎಡಗಿವಿಯನ್ನು ತಿಂದುಹಾಕಿತ್ತು. ಹೀಗಾಗಿ ವಿಮಾನ ಹೋದಾಗಲೆಲ್ಲ ತಲೆಯನ್ನು ಒಂದು ಕಡೆ ವಾಲಿಸಿ, ಬಲಗಿವಿಯನ್ನು ಆಕಾಶಕ್ಕೆ ಒಡ್ಡಿ, ಒಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನನ್ನನ್ನು ಅವರು ಒಂದು ದಿನವೂ ಬೈದವರಲ್ಲ. ನಾನು ಮಾಡಿದ ಕೆಲಸವನ್ನು ಸದ್ದಿಲ್ಲದೆ ಇನ್ನೊಮ್ಮೆ ಮಾಡುತ್ತಿದ್ದರು, ಅಷ್ಟೇ.

ಅವರಿಗಿದ್ದ ಕೊರಗು ಒಂದೇ. ತಾವು ಕೈಯಾರೆ ನೋಡಿಕೊಂಡ ವಿಮಾನದ ಒಂದು ಫೋಟೋ ಅವರ ಬಳಿ ಇರಲಿಲ್ಲ. ಆಗ ಅಲ್ಲಿ ಕ್ಯಾಮೆರಾ ಒಯ್ಯಲು ಬಿಡುತ್ತಿರಲಿಲ್ಲವಂತೆ. ಈ ಚಳಿಗಾಲ ಮರೀನ್ ಡ್ರೈವ್‌ನಲ್ಲಿ ವಿಮಾನಗಳ ಪ್ರದರ್ಶನವಿದೆ, ಪಂಖದ ವಿಮಾನವೂ ಬರುತ್ತದೆ ಎಂದು ಸುದ್ದಿ ಬಂದಾಗ ಚಿಕ್ಕ ಹುಡುಗರ ಹಾಗೆ ಹಿಗ್ಗಿದರು. ದೀಪಾವಳಿ ಮುಗಿದು ನಾಲ್ಕು ದಿನಕ್ಕೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ನನ್ನ ಹೆಂಡತಿ ಇಂದೂ ಅವರಿಗೆ ಒಬ್ಬಳೇ ಮಗಳು. ಗಂಡುಮಕ್ಕಳಿಲ್ಲ. ಕರ್ಮಾಂತರ ನನ್ನ ಪಾಲಿಗೆ ಬಂತು. ಹತ್ತನೆಯ ದಿನ ಸಮುದ್ರದ ಹಿನ್ನೀರಾದ ಠಾಣೆ ಖಾಡಿಯ ದಂಡೆಯಲ್ಲಿ ಆಚಾರ್ಯರು ಪಿಂಡ ಇಡಿಸಿದರು. ಅದನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ಹೋದವರು ಸಮಾಧಾನದಿಂದ ಹೋದರೆಂದು ಅರ್ಥ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ, ಅದೇನೆಂದು ಮನೆಯವರೇ ಊಹಿಸಿ, ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಹೇಳಬೇಕು.

ಮುಂಬಯಿಯಲ್ಲಿ ಕಾಗೆಗಳಿಗೆ ಬರವೇ? ಕೈಯಲ್ಲಿದ್ದ ವಡಾಪಾವನ್ನು ಕಸಿಯುವ ಜಾತಿ ಅದು. ಖಾಡಿಯ ಗಿಡಗಳ ತುಂಬ ಕೂತಿದ್ದವು. ಆದರೆ ಒಂದೂ ಕೂಗಲಿಲ್ಲ. ಒಂದೂ ಅಲುಗಲಿಲ್ಲ. ಎಲ್ಲವೂ ನಮ್ಮತ್ತಲೇ ನೋಡುತ್ತ ಕೂತಿದ್ದವು. ಗಾಳಿ ಕೂಡ ನಿಂತಿತ್ತು. ನೀರು ಇಳಿದ ಕೆಸರಿನಲ್ಲಿ ಗುಳ್ಳೆಗಳು ಒಡೆಯುವ ಸದ್ದು ಕೇಳುತ್ತಿತ್ತು. ಇಂದೂ ಪರದೇಶದಲ್ಲಿ ಓದುತ್ತಿರುವ ನಮ್ಮ ಮಗಳ ಮದುವೆಯ ಬಗ್ಗೆ ಮಾತು ಕೊಟ್ಟಳು, ಊರಿನ ದೇವರಿಗೆ ಅಭಿಷೇಕದ ಮಾತು ಕೊಟ್ಟಳು. ಕಾಗೆಗಳು ನೋಡುತ್ತಲೇ ಇದ್ದವು. ಬಿಸಿಲು ನೆತ್ತಿಗೆ ಬಂತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ನನ್ನ ಹೊಟ್ಟೆಯೂ ಹಸಿದಿತ್ತು. ಈ ಎರಡರಲ್ಲಿ ಯಾವುದು ನನ್ನ ಬಾಯಿ ಬಿಡಿಸಿತೋ ಇಂದಿಗೂ ತಿಳಿಯದು.

ನಾನು ಎದ್ದು ನಿಂತು, ಕೈ ಮುಗಿದು, ಭಾಷಣದ ಧ್ವನಿಯಲ್ಲಿ ಹೇಳಿದೆ: "ಮಾವನವರ, ನಿಮ್ಮ ವಿಮಾನದ ಫೋಟೋ ನಾನ ಸ್ವತಃ ನನ್ನ ಕೈಯಾರೆ ತಗದು ನಿಮ್ಮ ಫೋಟೋದ ಬಾಜೂಕ ಹಾಕತೇನಿ."

ಹಿಂದಿನ ಗಿಡದಿಂದ ಒಂದು ಕಾಗೆ ಇಳಿಯಿತು. ಬಲರೆಕ್ಕೆಯಲ್ಲಿ ಒಂದು ಬಿಳಿ ಗರಿ. ನೇರವಾಗಿ ಪಿಂಡದ ಬಳಿ ಬಂದು, ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಕಣ್ಣಿನಿಂದ ನನ್ನನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಮುಟ್ಟಿತು. ಆಚಾರ್ಯರು ನೆಮ್ಮದಿಯ ಉಸಿರು ಬಿಟ್ಟರು. ನಾನು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದೆ.

ಇಂದೂ ಅಂದಿನಿಂದ ಚಹಾ ಬಿಟ್ಟಳು. ಫೋಟೋ ಗೋಡೆ ಏರುವವರೆಗೂ ಕುಡಿಯುವುದಿಲ್ಲವಂತೆ. ಧಾರವಾಡದ ಅಜ್ಜನ ಮನೆಯಲ್ಲಿ ಹುಟ್ಟಿ ಬೆಳೆದವಳು ಚಹಾ ಬಿಡುವುದೆಂದರೆ ಹುಡುಗಾಟವಲ್ಲ. ನನಗೆ ಮಾಡಿಕೊಟ್ಟು, ತಾನು ಖಾಲಿ ಕೈಯಲ್ಲಿ ಎದುರಿಗೆ ಕೂತಿರುತ್ತಿದ್ದಳು. ಮಾವನವರಿಗೆ ನಿಜವಾಗಿ ಫೋಟೋ ಬೇಕಿತ್ತೋ ಇಲ್ಲವೋ ನಾನರಿಯೆ. ಇವಳಿಗೆ ಬೇಕಿದ್ದದ್ದು ಅಪ್ಪ ಯಾವ ಆಸೆಯನ್ನೂ ಉಳಿಸಿಕೊಳ್ಳದೆ ಹೋದರು ಎಂಬ ಸಮಾಧಾನ. ಅದು ಈಗ ನನ್ನ ಒಂದು ಬೆರಳಿನ ಮೇಲೆ ನಿಂತಿತ್ತು.

ಕ್ಯಾಮೆರಾ ಸಿಕ್ಕಿದ್ದು ಮೇಲಿನ ಮಹಡಿಯ ಶೆಟ್ಟರಿಂದ. ಹೋಟೆಲ್ ಮಗನಿಗೆ ಒಪ್ಪಿಸಿದ ಮೇಲೆ ಅವರಿಗೆ ಹಕ್ಕಿಗಳ ಹುಚ್ಚು. ರವಿವಾರ ಬಂತೆಂದರೆ ಖಾಡಿಯ ಕಡೆ ಹೋಗಿ ಫ್ಲೆಮಿಂಗೋಗಳಿಗಾಗಿ ಕಾದು ಕೂರುವವರು. ಕ್ಯಾಮೆರಾ ನನ್ನ ಕೊರಳಿಗೆ ಹಾಕುತ್ತ ಏನೇನೋ ವಿವರಿಸಿದರು. ಮೆನುವಿನಲ್ಲಿ ಏನೋ ಬದಲಾಯಿಸಬೇಕೆಂದೂ ಹೇಳಿದರು. ನಾನು ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡುವವನು, ಇಂಥವೆಲ್ಲ ನನಗೆ ನೀರು ಕುಡಿದಷ್ಟು ಸುಲಭ ಎಂದು ಅವರ ಮಾತನ್ನು ಅರ್ಧಕ್ಕೇ ತಡೆದೆ. ಆ ಅರ್ಧದಲ್ಲಿ ಏನಿತ್ತು ಎಂಬುದು ಆಮೇಲೆ ತಿಳಿಯಿತು.

ಅಭ್ಯಾಸಕ್ಕೆಂದು ಬಿಲ್ಡಿಂಗಿನ ನೆತ್ತಿಯ ಮೇಲಿನ ಗಚ್ಚಿಗೆ ಹೋದೆ. ಸಾಂತಾಕ್ರೂಜ್ ಕಡೆ ಇಳಿಯುವ ವಿಮಾನಗಳು ದೂರದಲ್ಲಿ ಒಂದರ ಹಿಂದೆ ಒಂದು ಸಾಗುತ್ತವೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದು ಚಿಕ್ಕ ಹಸಿರು ಚೌಕ ಕಾಣುತ್ತಿತ್ತು. ಅದು ವಿಮಾನದ ಮೇಲೆ ಕೂರಬೇಕು, ಕೂತರೆ ಫೋಟೋ ಚೊಕ್ಕ. ನಾನು ವಿಮಾನದತ್ತ ತಿರುಗಿಸಿದೆ. ಚೌಕ ವಿಮಾನದ ಮೇಲೆ ಕ್ಷಣಕಾಲ ನಿಂತು, ಬೇಡವೆಂದು ಜಾರಿತು. ಏನನ್ನೋ ಹುಡುಕುತ್ತ ಖಾಲಿ ಆಕಾಶದಲ್ಲಿ ಅಲೆಯಿತು. ಒಂದು ಮೂಲೆಯಲ್ಲಿ, ಏನೂ ಇಲ್ಲದ ಕಡೆ, ಗಕ್ಕನೆ ನಿಂತಿತು. ಏನಿದೆ ಅಲ್ಲಿ ಎಂದು ನಾನು ಬಾಗಿ ನೋಡುವಷ್ಟರಲ್ಲಿ ಆ ಜಾಗಕ್ಕೆ ಒಂದು ಕಾಗೆ ಹಾರಿ ಬಂತು. ರೆಕ್ಕೆಯಲ್ಲಿ ಬಿಳಿ ಗರಿ.

ಕಾಗೆ ನೀರಿನ ಟಾಕಿಯ ಮೇಲೆ ಕೂತಿತು. ಕೂಗಲಿಲ್ಲ. ಹಾರುವ ವಿಮಾನದತ್ತ ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿತು. ನಾನು ಅಭ್ಯಾಸ ಸಾಕೆಂದು ನಿರ್ಧರಿಸಿದೆ. ಲಿಫ್ಟಿಗೆ ಕಾಯುವ ವ್ಯವಧಾನ ಉಳಿದಿರಲಿಲ್ಲವಾಗಿ ಮೆಟ್ಟಿಲು ಇಳಿದೆ. ಸ್ವಲ್ಪ ಜೋರಾಗಿಯೇ ಇಳಿದೆ.

ಮರುದಿನದಿಂದ ಅದು ನಮ್ಮ ಅಡುಗೆಮನೆಯ ಕಿಟಕಿಯ ಜಾಳಿಗೆಯ ಮೇಲೆ ಬಂದು ಕೂರತೊಡಗಿತು. ಇಂದೂ ಚಪಾತಿ ಇಟ್ಟರೆ ತಿನ್ನುವುದಿಲ್ಲ. ಅವಳತ್ತ ನೋಡುವುದೂ ಇಲ್ಲ. ನಾನು ಎಲ್ಲಿ ಕೂತಿದ್ದೇನೋ ಅತ್ತ ನೋಡುತ್ತದೆ. ನಾನು ಹಾಲ್‌ಗೆ ಹೋದರೆ ಜರುಗಿ, ಹಾಲ್ ಕಾಣುವ ತುದಿಗೆ ಬಂದು ಕೂರುತ್ತದೆ. ಮುಂಬಯಿಯ ತುಂಬ ಇಂಥ ಕಾಗೆಗಳಿವೆ, ಬಿಳಿ ಗರಿ ಏನು ಯಾರಪ್ಪನ ಸೊತ್ತೇ ಎಂದು ನಾನು ಇಂದೂಗೆ ಧೈರ್ಯ ಹೇಳಿದೆ. ಯಾರಪ್ಪ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಕಿಟಕಿಯತ್ತ ನೋಡಿದೆವು.

ಪ್ರದರ್ಶನದ ದಿನ ಬಂತು. ಬೆಳಿಗ್ಗೆಯೇ ಲೋಕಲ್ ರೈಲು ಹಿಡಿದು ಸಿಎಸ್‌ಟಿಗೆ ಹೋಗಿ, ಅಲ್ಲಿಂದ ನಡೆದು ಮರೀನ್ ಡ್ರೈವ್ ಸೇರಿದೆವು. ಇಡೀ ಮುಂಬಯಿ ಕಟ್ಟೆಯ ಮೇಲೆ ಬಂದು ಕೂತಿತ್ತು. ಇಂದೂ ರೇಷ್ಮೆ ಸೀರೆ ಉಟ್ಟಿದ್ದಳು. ಅಪ್ಪನ ವಿಮಾನವನ್ನು ನೈಟಿ ಮೇಲೆ ಶಾಲು ಹೊದ್ದು ನೋಡಲಾಗುತ್ತದೆಯೇ? ಕಟ್ಟೆಯ ಮೇಲೆ ಒಂದು ಅಂಗೈಯಗಲ ಜಾಗ ಹೇಗೋ ಸಿಕ್ಕಿತು. ಕೂತವಳು ಸಮುದ್ರ ನೋಡತೊಡಗಿದಳು.

ಮೊದಲು ವೇಗದ ಜೆಟ್ ವಿಮಾನಗಳು. ಇವುಗಳ ಒಂದು ವಿಚಾರ ನನಗೆ ತಿಳಿದಿರಲಿಲ್ಲ. ಸದ್ದು ಒಂದು ಕಡೆ, ವಿಮಾನ ಇನ್ನೊಂದು ಕಡೆ! ಎದೆ ಅದುರುವಂತೆ ಗುಡುಗಿದಾಗ ಗುಡುಗಿದತ್ತ ತಿರುಗಿದರೆ ಅಲ್ಲಿ ನೀಲಿ ಆಕಾಶ ಬಿಟ್ಟರೆ ಏನೂ ಇಲ್ಲ. ಜನ ಆಗಲೇ ಬೇರೆ ದಿಕ್ಕಿಗೆ ಕೈ ತೋರಿಸಿ ಕೂಗುತ್ತಿದ್ದರು. ನಾನು ಹಟ ಬಿಡದೆ ಸದ್ದಾದ ಕಡೆಯೆಲ್ಲ ಗುಂಡಿ ಒತ್ತಿದೆ. ಎಲ್ಲ ಮುಗಿದು ಸದ್ದು ಸಮುದ್ರದ ಮೇಲೆ ಕರಗುವಾಗ ಒಂದು ವಿಚಿತ್ರ ಮೌನ ಬರುತ್ತಿತ್ತು. ಅಷ್ಟು ಸಾವಿರ ಜನ ಬಾಯಿ ತೆರೆದು ಆಕಾಶ ನೋಡುತ್ತ ನಿಂತಿದ್ದಾರೆ, ಒಬ್ಬರಿಂದಲೂ ಸದ್ದಿಲ್ಲ. ಅಂಥ ಒಂದು ಮೌನದಲ್ಲಿ ನನ್ನ ಬೆನ್ನ ಹಿಂದೆ ಏನೋ ಕೆರೆದ ಸದ್ದಾಯಿತು.

ತಿರುಗಿದೆ. ರಸ್ತೆಯ ಬದಿಯ ದೀಪದ ಕಂಬಕ್ಕೆ ಒರಗಿಸಿದ್ದ ಪೊಲೀಸರ ಕಬ್ಬಿಣದ ಬ್ಯಾರಿಕೇಡಿನ ಮೇಲೆ ಕಾಗೆ ಕೂತಿತ್ತು. ಬಿಳಿ ಗರಿ. ಭಾಂಡುಪ್ ಎಲ್ಲಿ, ಮರೀನ್ ಡ್ರೈವ್ ಎಲ್ಲಿ! ಅದೂ ನಮ್ಮ ಹಾಗೆ ಸ್ಲೋ ಲೋಕಲ್ ಹಿಡಿದು ಬಂದಿತೇ?

ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಭಯದಲ್ಲೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾಗೆ ತಲೆ ವಾಲಿಸಿ ಎಡಕ್ಕೆ ನೋಡುತ್ತಿತ್ತು. ಎಡದಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಡದಿಂದಲೇ ಜೆಟ್ ಬಂತು. ಮತ್ತೆ ಬಲಕ್ಕೆ ನೋಡಿತು. ಬಲದಿಂದ ಬಂತು. ನಮಗಿಂತ ಮೊದಲೇ ಅದಕ್ಕೆ ತಿಳಿಯುತ್ತಿತ್ತು. ನನ್ನ ಬುದ್ಧಿ ಚುರುಕಾಯಿತು. ಆಕಾಶವನ್ನೇಕೆ ನೋಡಬೇಕು? ಕಾಗೆಯನ್ನು ನೋಡಿದರೆ ಸಾಕು, ಅದು ತೋರಿದತ್ತ ಕ್ಯಾಮೆರಾ ತಿರುಗಿಸಿದರಾಯಿತು! ಲೋಕದಲ್ಲಿ ಈ ಉಪಾಯ ಹೊಳೆದ ಮೊದಲ ಫೋಟೋಗ್ರಾಫರ್ ನಾನೇ ಇರಬೇಕು. ಹಾಗೆ ನಾನು ವಿಮಾನ ಪ್ರದರ್ಶನಕ್ಕೆ ಬೆನ್ನು ಹಾಕಿ ನಿಂತೆ.

ಕಾಗೆ ಆಚೀಚೆ ನೋಡುವುದನ್ನು ನಿಲ್ಲಿಸಿತು. ನೇರವಾಗಿ ನನ್ನತ್ತ ನೋಡತೊಡಗಿತು. ನಾನೂ ನೋಡಿದೆ. ಈಗ ತಿರುಗಬಹುದು, ಆಗ ತಿರುಗಬಹುದು ಎಂದು ಕ್ಯಾಮೆರಾ ಅದರತ್ತ ಹಿಡಿದು ಕಾದೆ. ಹಸಿರು ಚೌಕ ಅಲೆಯಲಿಲ್ಲ, ಕಾಗೆಯ ಕಣ್ಣಿನ ಮೇಲೆ ಅಂಟಿಕೊಂಡು ಕೂತಿತು. ಸುತ್ತಲಿನ ಸದ್ದು ಇಂಗಿಹೋಯಿತು. ಪರದೆಯ ತುಂಬ ಆ ಕಪ್ಪು ಕಣ್ಣೊಂದೇ ಇತ್ತು. ನನ್ನ ಬೆರಳು ನನ್ನ ಮಾತು ಕೇಳದೆ ಗುಂಡಿ ಒತ್ತುತ್ತಲೇ ಹೋಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿತು. ತಲೆ ತಿರುಗುತ್ತಿರಬೇಕು, ಬೆಳಗಿನ ಉಪ್ಪಿಟ್ಟು ಸಾಲಲಿಲ್ಲ ಎಂದುಕೊಂಡೆ. ಅದು ಪಂಖಗಳ ಸದ್ದು ಎಂದು ಹೊಳೆದದ್ದು ಅದು ಇಳಿದುಹೋಗುತ್ತಿರುವಾಗ.

ತಿರುಗಿ ನೋಡಿದರೆ ದಪ್ಪ ಹೊಟ್ಟೆಯ ವಿಮಾನದ ಬಾಲ ಮಲಬಾರ್ ಹಿಲ್‌ನ ಕಟ್ಟಡಗಳ ಹಿಂದೆ ಮರೆಯಾಗುತ್ತಿತ್ತು. ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಕೆಳಗೆ, ಎತ್ತಿನ ಬಂಡಿಯ ಹಾಗೆ ಸಾವಕಾಶ ಹೋದ ವಿಮಾನ. ಕುರುಡನೂ ಫೋಟೋ ತೆಗೆಯಬಹುದಾಗಿತ್ತು. ಇಂದೂ ಎದ್ದು ನಿಂತು ಎರಡೂ ಕೈ ಜೋಡಿಸಿದ್ದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ನನ್ನತ್ತ ತಿರುಗಿ, ಅಪ್ಪನೇ ಎದುರಿಗೆ ಹಾದುಹೋದ ಹಾಗಾಯಿತು ಎಂದಳು. ಹಿಂದಿನಿಂದ ನನ್ನ ಕ್ಯಾಮೆರಾದ ಸದ್ದು ಕೇಳುತ್ತಲೇ ಇತ್ತಂತೆ. ಹೀಗಾಗಿ ಅವಳು ಚಿಂತೆಯಿಲ್ಲದೆ, ಕಣ್ತುಂಬ ನೋಡಿದಳಂತೆ.

"ಛಲೋ ಬಂದಾವಲ್ಲರೀ?" ಎಂದು ಕೇಳಿದಳು.

ಬೆಳಕು ಛಲೋ ಇತ್ತು ಎಂದೆ. ಕಾಗೆ ಎಲ್ಲಿಯೂ ಇರಲಿಲ್ಲ.

ಸಂಜೆ ಶೆಟ್ಟರ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಮೂವರೂ ಕೂತೆವು. ಮೊದಲ ಫೋಟೋ: ನೀಲಿ ಆಕಾಶ, ನಡುವೆ ಒಂದು ಕಾಗೆ. ಎರಡನೆಯದು: ನೀಲಿ ಆಕಾಶ, ನಡುವೆ ಒಂದು ಕಾಗೆ. ನಾನು ಒಂದು ಕಾಗೆಯನ್ನೂ ಕಾಣದೆ ತೆಗೆದ ಫೋಟೋಗಳು ಅವು. ಸಮುದ್ರದ ಮೇಲಿನ, ದಡದಿಂದ ಬಹಳ ದೂರದ ಆಕಾಶದಲ್ಲೂ ಅದೇ ಇತ್ತು. ಎಲ್ಲ ಫೋಟೋಗಳಲ್ಲಿ ರೆಕ್ಕೆ ಬಿಚ್ಚಿದ್ದು, ತಲೆ ಮಾತ್ರ ನಮ್ಮತ್ತ ತಿರುಗಿದ್ದು. ಶೆಟ್ಟರ ಕೈ ನಿಧಾನವಾಯಿತು.

"ಎಂತ ಮಾರಾಯ್ರೆ ಇದು? ನಾನು ಕ್ಯಾಮೆರಾದ ಮೆನುವನ್ನು ಹಕ್ಕಿಯ ಕಣ್ಣು ಹಿಡಿಯಲಿಕ್ಕೆ ಇಟ್ಟದ್ದು. ಬದಲು ಮಾಡಿ ಅಂತ ಹೇಳಿದ್ದೆನಲ್ಲ ನಿಮಗೆ?"

ಅರ್ಧಕ್ಕೆ ತಡೆದ ಮಾತಿನ ಉಳಿದರ್ಧ ಇದಾಗಿತ್ತು. ಒಂದು ಕ್ಷಣ ನನಗೆ ಹೋದ ಜೀವ ಬಂತು. ಭೂತವೂ ಅಲ್ಲ, ಪ್ರೇತವೂ ಅಲ್ಲ, ಮೆನು! ವಿಜ್ಞಾನಕ್ಕೆ ಮನಸ್ಸಿನಲ್ಲೇ ವಂದಿಸಿದೆ. ಆದರೆ ಶೆಟ್ಟರು ಕನ್ನಡಕ ಒರೆಸಿಕೊಂಡು ಇನ್ನೊಂದು ಮಾತು ಸೇರಿಸಿದರು. ಇರುವ ಹಕ್ಕಿಯನ್ನು ಕ್ಯಾಮೆರಾ ಹಿಡಿಯಬಹುದು, ಇಲ್ಲದ ಹಕ್ಕಿಯನ್ನು ಕರೆಸುವುದಿಲ್ಲವಲ್ಲ ಎಂದರು.

ಕೊನೆಯಲ್ಲಿ ಬಂದವು ಕಣ್ಣಿಗೆ ಕಣ್ಣಿಟ್ಟು ತೆಗೆದ ಫೋಟೋಗಳು. ಒಂದೊಂದು ಗರಿಯನ್ನೂ ಎಣಿಸುವಷ್ಟು ಚೊಕ್ಕ. ಶೆಟ್ಟರು ಒಂದನ್ನು ದೊಡ್ಡದು ಮಾಡುತ್ತ ಹೋದರು. ಪರದೆಯ ತುಂಬ ಕಪ್ಪು ಕಣ್ಣು. ಅದರಲ್ಲಿ ಬಾಗಿದ ಸಮುದ್ರ, ಬಾಗಿದ ಕಟ್ಟೆ, ಕ್ಯಾಮೆರಾ ಹಿಡಿದ ನನ್ನ ಕಪ್ಪು ಆಕೃತಿ. ನನ್ನ ತಲೆಯ ಮೇಲೆ ಒಂದು ಚಿಕ್ಕ ಬೂದು ಚುಕ್ಕೆ. ಚುಕ್ಕೆಗೆ ರೆಕ್ಕೆಗಳಿದ್ದವು. ಹೊಟ್ಟೆ ದಪ್ಪಗಿತ್ತು.

ಇಂದೂ ಪರದೆಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಅಪ್ಪಾ ನೋಡ್ಯಾನ," ಎಂದಳು. ಆಮೇಲೆ ನನ್ನತ್ತ ತಿರುಗಿ, "ಆದ್ರ ನೀವು ಕೊಟ್ಟ ಮಾತು ಹಂಗ ಉಳೀತಲ್ಲರೀ."

ಇದನ್ನೇ ಕಟ್ಟು ಹಾಕಿಸೋಣ, ಇದರಲ್ಲಿ ವಿಮಾನ ಇದೆಯಲ್ಲ ಎಂದು ವಾದಿಸಿದೆ. ಅಪ್ಪನ ಫೋಟೋದ ಪಕ್ಕ ಕಾಗೆಯ ಫೋಟೋ ತೂಗುಹಾಕಿ ಎರಡಕ್ಕೂ ಮಾಲೆ ಹಾಕುವುದೇ ಎಂದು ಅವಳು ಕೇಳಿದಳು. ಚಹಾ ಇಲ್ಲದೆ ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಅವಳು ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಅದೇ ಕಷ್ಟವಾಯಿತು. ನಡುನಡುವೆ ಕೈಯಲ್ಲಿದ್ದ ಪಾತ್ರೆ ಮರೆತು, ಅಪ್ಪ ದಾರಿಯಲ್ಲೆಲ್ಲಾದರೂ ಸಿಕ್ಕಿಕೊಂಡಿರಬಹುದೇ ಎಂದು ನನ್ನನ್ನು ಕೇಳುತ್ತಿದ್ದಳು. ಕಿಟಕಿಯ ಕಡೆ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ಅಲ್ಲಿ ಅದು ಇರುತ್ತಿತ್ತು. ಮಳೆಯಲ್ಲಿ ತೊಯ್ದು ತೊಪ್ಪೆಯಾದರೂ ಕೂತಿರುತ್ತಿತ್ತು.

ವರ್ಷದ ಶ್ರಾದ್ಧ ಬಿಲ್ಡಿಂಗಿನ ಗಚ್ಚಿಯ ಮೇಲೆ. ಆಚಾರ್ಯರು ಎಲೆಯ ಮೇಲೆ ಅನ್ನ ಇಡಿಸಿದರು. ಕಾಗೆ ಆಗಲೇ ನೀರಿನ ಟಾಕಿಯ ಮೇಲೆ ಹಾಜರಿತ್ತು. ಅದರ ಸುತ್ತ, ಡಿಶ್ ಆಂಟೆನಾಗಳ ಮೇಲೆ, ಎದುರಿನ ಬಿಲ್ಡಿಂಗಿನ ಅಂಚಿನ ಮೇಲೆ ಬೇರೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಕೂಗಲಿಲ್ಲ. ನಾನು ತಯಾರಾಗಿಯೇ ಬಂದಿದ್ದೆ. ಮುಂದೆ ಹೋಗಿ, ಕೈ ಮುಗಿದು, ಘನ ನ್ಯಾಯಾಲಯದೆದುರು ನಿಂತವನಂತೆ ವಾದ ಮಂಡಿಸಿದೆ. ಫೋಟೋ ತೆಗೆಯುತ್ತೇನೆಂದು ಹೇಳಿದ್ದು ನಿಜ, ತೆಗೆದದ್ದೂ ನಿಜ, ಅದರಲ್ಲಿ ವಿಮಾನ ಇರುವುದೂ ನಿಜ, ಎಷ್ಟು ದೊಡ್ಡದಿರಬೇಕೆಂದು ಕರಾರಿನಲ್ಲಿ ಇರಲಿಲ್ಲ ಎಂದು ವಿವರಿಸಿದೆ. ಕಾಗೆ ತಲೆಯನ್ನು ಈ ಕಡೆಯಿಂದ ಆ ಕಡೆಗೆ ವಾಲಿಸಿತು. ಅಷ್ಟೇ. ಮುಂದಿನ ಸಲ ಪ್ರದರ್ಶನ ಬಂದಾಗ ಖಂಡಿತ ಎಂದೆ. ಅದು ಬೆನ್ನು ತಿರುಗಿಸಿ ಕೂತಿತು.

ಬಿಸಿಲು ಏರಿತು. ಅನ್ನ ಒಣಗತೊಡಗಿತು. ಇಂದೂನ ಮುಖ ನೋಡಲಾಗಲಿಲ್ಲ. ಆಚಾರ್ಯರು ಕೆಮ್ಮಿ, ಹಸುವಿಗೆ ಕೊಟ್ಟರೂ ನಡೆಯುತ್ತದೆ ಎಂದು ಸೂಚಿಸಿದರು. ಅವಳು ಒಪ್ಪಲಿಲ್ಲ. ನನ್ನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಎಲೆಯ ಹತ್ತಿರ ಹೋದಳು. ಟಾಕಿಯತ್ತ ಮುಖವೆತ್ತಿದಳು. ಬೇಡಲಿಲ್ಲ, ಅಳಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವ ಧ್ವನಿಯಲ್ಲಿ ಹೇಳಿದಳು:

"ಅಪ್ಪಾ, ಇದು ಇವರ ಕೈಲೆ ಆಗೂದಲ್ಲ. ನಿನಗೂ ಗೊತ್ತದ, ನನಗೂ ಗೊತ್ತದ. ಬಿಟ್ಟಬಿಡು. ನೀ ಊಟಾ ಮಾಡು."

ಕಾಗೆ ಇಳಿಯಿತು. ಹಿಂದೆ ಮುಂದೆ ನೋಡಲಿಲ್ಲ. ಅನ್ನ, ಪಾಯಸ, ವಡೆ, ಎಲ್ಲವನ್ನೂ ಕ್ರಮವಾಗಿ, ಬಹಳ ದಿನಗಳಿಂದ ಹಸಿದವರ ಹಾಗೆ ಉಂಡಿತು. ಉಳಿದ ಕಾಗೆಗಳೂ ಒಮ್ಮೆಲೇ ಕೂಗುತ್ತ ಇಳಿದವು. ಇಂದೂ ಅಳುತ್ತ ನಕ್ಕಳು, ನಗುತ್ತ ಅತ್ತಳು. ಹಾಗೆ ಅವಳು ನಕ್ಕದ್ದನ್ನು ನೋಡಿ ಒಂದು ವರ್ಷವಾಗಿತ್ತು. ಕೆಳಗೆ ಬಂದವಳೇ ಚಹಾಕ್ಕೆ ನೀರಿಟ್ಟಳು.

ಮೆಟ್ಟಿಲು ಇಳಿಯುತ್ತ ಆಚಾರ್ಯರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲುದನಿಯಲ್ಲಿ ಹೇಳಿದರು: "ರಾಯರ, ಮುಂದಿನ ವರ್ಷ ಆ ಮಾತು ಮೊದಲಕ್ಕ ಹೇಳಿಬಿಡ್ರಿ. ಬಿಸಿಲಾಗ ನಿಂದ್ರೂದು ತಪ್ಪತದ."

ಈ ವರ್ಷ ಹಾಗೇ ಮಾಡಿದೆವು. ಇಂದೂ ಹೇಳಬೇಕೆಂದಿದ್ದಳು, ನಾನೇ ಬೇಡವೆಂದೆ. ಗಂಡಸಾದವನು ತನ್ನ ಮಾತು ತಾನೇ ಆಡಬೇಕು. ಎಲೆಯ ಮುಂದೆ ನಿಂತು, ಕೈ ಮುಗಿದು, "ಮಾವನವರ, ನನ್ನ ಕೈಲೆ..." ಎಂದು ಆರಂಭಿಸಿದೆ. ಕಾಗೆ ಆಗಲೇ ಎಲೆಯ ಮೇಲಿತ್ತು. ಉಳಿದದ್ದನ್ನು ಕೇಳುವ ಅಗತ್ಯ ಅದಕ್ಕೆ ಕಾಣಲಿಲ್ಲ.